ಡಿಪೋ ಗೋಡೆಗೆ ಒಂದು ಸಾಲು

ಊರಿನ ರೈಲು ನಿಂತುಹೋದ ವರ್ಷ ಡಿಪೋ ಹಿಂದಿದ್ದ ಕೆಲಸಗಾರರ ಮನೆಗಳನ್ನು ಕೆಡವಿದರು. ಬದಲಿ ಮನೆ ಕೊಡಲಿಲ್ಲ.

ಈಗ ಅದೇ ರೈಲ್ವೆ ಡಿಪೋ ಮ್ಯೂಸಿಯಂ ಆಗುತ್ತಿತ್ತು. ಟಿಕೆಟ್ ಕಿಟಕಿಯ ಪಕ್ಕದ ಗೋಡೆಯ ಮೇಲೆ ಅದರ ಚರಿತ್ರೆ ಬರೆಯಲು ಮ್ಯೂಸಿಯಂ ಕಮಿಟಿಯವರು ಅವಳನ್ನು ಕರೆಸಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಬ್ರಷ್ ಹಿಡಿದು ಊರಿನ ಅರ್ಧ ಅಂಗಡಿಗಳಿಗೆ ಬೋರ್ಡ್ ಬರೆದವಳು. ಹಗಲೆಲ್ಲ ಅಕ್ಷರಗಳ ಜೊತೆ ಇದ್ದು ಸಂಜೆ ಬೀಗ ತೆಗೆದರೆ, ಮನೆಯಲ್ಲಿ ಒಂದು ಮಾತಿಗೂ ಗತಿಯಿಲ್ಲ.

ಏಣಿ ಹಿಡಿಯಲು ವಾಚ್‌ಮನ್ ಇದ್ದ. ಹಿಂದೆ ಇದೇ ಡಿಪೋದಲ್ಲಿ ಲಿವರ್ ಎಳೆದು ರೈಲುಗಳ ಹಳಿ ಬದಲಿಸುತ್ತಿದ್ದವನು. ಫೋನಿನಲ್ಲಿ ಬಂದ ಆರ್ಡರನ್ನು ತಿರುಗಿ ಹೇಳಿದ ಮೇಲೆಯೇ ಲಿವರ್ ಎಳೆಯಬೇಕೆಂಬುದು ಅಲ್ಲಿನ ನಿಯಮ. ರೈಲು ಹೋಯಿತು, ಅವನ ಚಾಳಿ ಹೋಗಲಿಲ್ಲ.

"ಟೀ ಕುಡೀತೀರಾ?"

"ಟೀ ಕುಡೀತೀರಾ ಅಂದ್ರಿ. ಕುಡೀತೀನಿ."

"ಅಯ್ಯೋ ದೇವರೇ, ನಾನೇನು ಗಿಳಿ ಸಾಕಿದ್ದೀನಾ?"

ಅವನು ನಕ್ಕ. ನಗುತ್ತ ಅವಳನ್ನೇ ನೋಡಿದ. ಸಿಕ್ಕಿಬಿದ್ದೆನೆಂದು ಗೊತ್ತಾಗಿ ಏಣಿಯ ಕಾಲು ನೋಡಿದ. ಮೇಲೆ ಅವಳ ಬ್ರಷ್ ಗೆರೆಯೊಂದನ್ನು ಬೇಕಾದ್ದಕ್ಕಿಂತ ಉದ್ದ ಎಳೆದಿತ್ತು.

"ಮನೇಲಿ ಯಾರಿದ್ದಾರೆ?"

"ಮನೇಲಿ ಯಾರಿದ್ದಾರೆ ಅಂದ್ರಿ..." ಅವನು ಕಿಟಕಿಯಾಚೆಯ ಬಯಲು ತೋರಿಸಿದ. "ಅಲ್ಲಿತ್ತು ಮನೆ. ಕೆಡವಿದ್ಮೇಲೆ ಅಮ್ಮ ಪ್ಲಾಟ್‌ಫಾರ್ಮಲ್ಲೇ ಮಲಗ್ತಿದ್ಲು. ಆ ಚಳಿಗಾಲ ದಾಟಲಿಲ್ಲ."

ಕಮಿಟಿ ಕೊಟ್ಟ ಚರಿತ್ರೆಯಲ್ಲಿ ಮೊದಲ ಇಂಜಿನ್ ಇತ್ತು, ಗಡಿಯಾರ ಕೊಟ್ಟ ದಾನಿ ಇದ್ದ. ಅಮ್ಮ ಇರಲಿಲ್ಲ. ಅವಳು ಬ್ರಷ್ ಅದ್ದಿ, ದಾನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದಳು: ಇಲ್ಲಿ ದುಡಿದವರ ಮನೆಗಳನ್ನು ಕೆಡವಿದರು.

ಅವನು ಓದಿದ. ಕಣ್ಣು ಒರೆಸಿಕೊಂಡು ಬಾಗಿಲ ಕಡೆ ಹೊರಟ.

"ಹೋಗ್ಬೇಡಿ. ನನ್ನ ಜೊತೆ ಇದ್ದುಬಿಡಿ."

ಏಣಿ ಹಿಡಿಯಲಷ್ಟೇ ಕರೆದದ್ದಲ್ಲ. ಅದು ಇಬ್ಬರಿಗೂ ಗೊತ್ತಾಯಿತು. ಅವನು ಮರಳಿ ಬಂದು ಏಣಿ ಹಿಡಿದ. ಆದರೆ ಈ ಸಲ ಅವಳ ಮಾತನ್ನು ತಿರುಗಿ ಹೇಳಲಿಲ್ಲ.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಕಮಿಟಿ ಕಾರ್ಯದರ್ಶಿ ಒಳಗೆ ಬಂದ. ಗೋಡೆ ನೋಡಿದ.

"ಇದೇನಮ್ಮಾ? ನಾವು ಕೊಟ್ಟಿದ್ದು ಇದಲ್ಲ. ಅಳಿಸು."

"ಇನ್ನೂ ಮುಗಿದೇ ಇಲ್ಲ ಸಾರ್. ಕೆಳಗೆ ಜಾಗ ಇದೆ."

"ಏಯ್ ವಾಚ್‌ಮನ್, ನಾಳೆಯಿಂದ ಕೆಲಸ ಬೇಕೋ ಬೇಡ್ವೋ? ಅವಳನ್ನ ಇಳಿಸಿ ಏಣಿ ತೆಗಿ."

ಅವಳು ಕೆಳಗೆ ನೋಡಿದಳು. ಏಣಿ ಹಿಡಿದವನ ನೆತ್ತಿಯ ನರೆ ಕಂಡಿತು, ಮುಖ ಕಾಣಲಿಲ್ಲ. ಏಣಿ ಒಂದಿಷ್ಟೂ ಅಲುಗಲಿಲ್ಲ.

"ತೆಗೆಯಲ್ಲ," ಎಂದ ಅವನು.