ಇನ್ನೊಂದು ರೊಟ್ಟಿ ಹಾಕ್ಲೇನ್ರಿ?

"ನನಗ ಯಾಕ ಕೇಳಲಿಲ್ರಿ ನೀವು?!"

ಯಲಬುರ್ಗಾದ ಆ ಖಾನಾವಳಿಯಲ್ಲಿ ಉಣ್ಣುತ್ತಿದ್ದವರ ಕೈಗಳು ಬಾಯಿಯ ಹತ್ತಿರವೇ ನಿಂತವು.

ಮಾಲೀಕ ಸಿದ್ದಲಿಂಗೇಶ ರೊಟ್ಟಿ ಬುಟ್ಟಿ ಹಿಡಿದುಕೊಂಡು ಕಲ್ಲಾದ. ಎದುರಿಗೆ ತಹಶೀಲ್ದಾರ ಕಚೇರಿಯ ಕಂಪ್ಯೂಟರ್ ಆಪರೇಟರ್ ಮಲ್ಲೇಶ್ವರಿ. ಕಣ್ಣಲ್ಲಿ ಕೆಂಡ... ಮುಂದೆ ಖಾಲಿ ತಾಟು.

"ಎಡಗಡೆ ಕುಂತವರಿಗೆ ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ’ ಅಂದ್ರಿ. ಬಲಗಡೆಯವರಿಗೂ ಅಂದ್ರಿ. ನನ್ನ ಮುಂದ ಬಂದ ಕೂಡ್ಲೇ ಬುಟ್ಟಿ ಎತ್ತಿಕೊಂಡು ದಾಟಿ ಹೋದ್ರಿ! ದಪ್ಪ ಅದೀನಂತ, ಹೌದಿಲ್ರಿ?"

"ಹಂಗಲ್ರಿ ಮೇಡಂ... ನಾನು..."

"ಹಾಕ್ರಿ! ಎರಡು ಹಾಕ್ರಿ!"

ಅವನು ಹಾಕಿದ. ಆಕೆ ಉಂಡಳು. ಒಂದೊಂದು ತುತ್ತೂ ಸಿಟ್ಟಿನದೇ.

ಈ ಸೀಮೆಯ ಖಾನಾವಳಿಯಲ್ಲಿ ಬ್ಯಾಡ ಎಂದು ಕೈ ಅಡ್ಡ ಹಿಡಿದರೂ ರೊಟ್ಟಿ ಬೀಳುತ್ತದೆ. ಕೇಳದೆ ದಾಟಿ ಹೋಗುವುದೆಂದರೆ ಬಂದವರ ಮುಖಕ್ಕೇ ಬಾಗಿಲು ಹಾಕಿದಂತೆ.

‘ಇವನೂ ಎಲ್ಲಾರಂಗ...’ ಕೈ ತೊಳೆಯುತ್ತ ಅಂದುಕೊಂಡಳು ಮಲ್ಲೇಶ್ವರಿ. ಇವನ ಮಾತಿನ ಮೆತ್ತಗಿನ ದನಿಗಾಗಿಯೇ ಮೂಲೆಯ ಆ ಟೇಬಲ್ಲು ಹಿಡಿಯುತ್ತಿದ್ದಳಲ್ಲ! ಮೇಲಾಗಿ ಇವತ್ತಿನ ಪಥ್ಯವೂ ಕೆಟ್ಟಿತ್ತು.

ಅಸಲಿಗೆ ಆಕೆ ಖಾನಾವಳಿಗೆ ಬಂದದ್ದೇ ತಾಯಿಯ ಕಾಟ ತಾಳಲಾರದೆ.

ಅಪ್ಪನನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಇಡೀ ಅಪ್ಪ. ಈಗ ಡಾಕ್ಟರು ಮಗಳಿಗೂ ಹೇಳಿದ್ದರು, "ನಿನ್ನ ಶುಗರ್ ಗಡೀಮ್ಯಾಲ ನಿಂತೈತಿ. ತೂಕ ಇಳಿಸು, ನಡಿ, ಎಣ್ಣಿ ಬಿಡು."

ಬಿಡಲು ಅವ್ವ ಬಿಡಬೇಕಲ್ಲ!

ಮಲ್ಲೇಶ್ವರಿ ಹೆಸರುಕಾಳು ಕುದಿಸಿ, ಮೆಂತ್ಯೆಸೊಪ್ಪು ಹೆಚ್ಚಿ, ಮೊಸರು ಕಲಸಿ ಡಬ್ಬಿ ತುಂಬಿಟ್ಟು ಜಳಕಕ್ಕೆ ಹೋದರೆ, ವಿರೂಪಾಕ್ಷಮ್ಮ ಹಿಂದಿನಿಂದ ಬಂದು ಶೇಂಗಾ ಎಣ್ಣೆಯ ಒಗ್ಗರಣೆ ಸುರಿಯುತ್ತಿದ್ದಳು.

"ಅವ್ವಾ! ಮತ್ತ ಎಣ್ಣಿ ಹಾಕಿದಿ?!"

"ಬರೇ ಸೊಪ್ಪು ತಿನ್ನಾಕ ನೀ ಆಡು-ಕುರಿ ಏನ?"

"ಇಳಿಸು, ಇಳಿಸು ಅಂತ ತಲಿ ತಿನ್ನಾಕಿ ನೀನ ಅಲ್ಲ?"

"ಮದುವಿ ಸಲುವಾಗಿ ಅಂದೆ. ಉಪಾಸ ಬಿದ್ದು ಸಾಯಿ ಅನ್ನಲಿಲ್ಲ."

ಇಂಥವಳಿಗೆ ಏನು ಹೇಳುವುದು? ಡಬ್ಬಿ ಬಿಟ್ಟಳು, ಖಾನಾವಳಿ ಹಿಡಿದಳು.

ನಡೆಯುವುದೂ ಅಷ್ಟೇ ಪಾಡು. ಆಕೆಯ ಊರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ಕರಿಮಣ್ಣಿನದು. ದಿನಾ ಬೆಳಿಗ್ಗೆ ಬಸ್ಸಿನಿಂದ ಮುಂಚೆಯೇ ಕ್ರಾಸಿನಲ್ಲಿ ಇಳಿದು ಕಚೇರಿಗೆ ನಡೆಯುತ್ತಿದ್ದಳು. ಹೆಣ್ಣುಮಗಳು ರಸ್ತೆಯಲ್ಲಿ ಬಿರಬಿರನೆ ನಡೆದರೆ ಈ ಲೋಕಕ್ಕೆ ತಡೆಯುವುದಿಲ್ಲ.

"ಯಾಕಕ್ಕಾ, ಬಸ್ ತಪ್ಪೈತೇನು? ಹತ್ತ್ರಿ!" ಟಂಟಂ ಆಟೋ ಒಂದು ನಿಲ್ಲುತ್ತಿತ್ತು.

"ಮನ್ಯಾಗ ಜಗಳ ಮಾಡಿ ಬಂದಿಯೇನವ್ವಾ?" ಟ್ರ್ಯಾಕ್ಟರಿನಿಂದ ಇನ್ನೊಬ್ಬ.

ಗಂಡಸು ನಡೆದರೆ ವಾಕಿಂಗ್. ಹೆಂಗಸು ನಡೆದರೆ ಓಡಿಹೋಗುವುದು! ನಮ್ಮ ದೇಹದ ಮೇಲೆ ನಮ್ಮೊಬ್ಬರನ್ನು ಬಿಟ್ಟು ಊರಿಗೆಲ್ಲ ಅಧಿಕಾರ!

ರೊಟ್ಟಿ ಜಗಳದ ಮರುದಿನವೂ ಬೈಕೊಂದು ಪಕ್ಕಕ್ಕೆ ಬಂದು ನಿಂತಿತು.

"ಬ್ಯಾಡಾ! ಹತ್ತಂಗಿಲ್ಲ! ನಂಗ ಕಾಲು ಅದಾವು!" ತಿರುಗಿ ನೋಡದೆಯೇ ಒದರಿದಳು.

ಬೈಕಿನ ಸದ್ದು ನಿಂತಿತು. ಆದರೆ ಗಾಲಿ ಉರುಳುವ ಸದ್ದು ಹಿಂದೆಯೇ ಬಂತು. ತಿರುಗಿದಳು. ಕಾಯಿಪಲ್ಯದ ಚೀಲ ಹೇರಿದ ಬೈಕನ್ನು ಬಂದ್ ಮಾಡಿ, ತಳ್ಳಿಕೊಂಡು ಬರುತ್ತಿದ್ದವನು ಸಿದ್ದಲಿಂಗೇಶ!

"ಹತ್ತ್ರಿ ಅನ್ನಾಕ ಬಂದಿಲ್ರಿ. ಒಂದು ಮಾತು ಹೇಳಾಕ ಬಂದೀನಿ."

"ಹೇಳ್ರಿ." ನಡಿಗೆ ನಿಲ್ಲಿಸಲಿಲ್ಲ.

"ನೀವು ಮೊನ್ನಿ ದೀಪಿಕಾ ಮೇಡಂ ಕೂಡ ಬಂದಾಗ, ‘ಎರಡು ರೊಟ್ಟಿ ಮ್ಯಾಲ ಹಾಕಾಕ ಬಂದವರ ಕೈ ಮುರಿತೀನಿ’ ಅಂದ್ರಿ. ಕೇಳಿಸಿಕೊಂಡಿದ್ದೆ... ಕೈ ಉಳಿಸಿಕೊಂಡೆ."

ಮಲ್ಲೇಶ್ವರಿಗೆ ನಗು ಬಂತು. ನುಂಗಿದಳು.

"ಅದು ನನ್ನ ಗೆಳತಿಗೆ ಹೇಳಿದ ಮಾತು. ನಿಮಗಲ್ಲ."

"ಹೌದ್ರಿ."

"ನಮ್ಮವ್ವ ಕೇಳದ ಎಣ್ಣಿ ಹಾಕ್ತಾಳ. ನೀವು ಕೇಳದ ರೊಟ್ಟಿ ತಪ್ಪಸ್ತೀರಿ. ಫರಕ್ ಏನೈತಿ? ಇಬ್ಬರೂ ನನ್ನ ತಾಟಿನ ಯಜಮಾನರ!"

ಅವನು ಬೈಕು ತಳ್ಳುತ್ತಲೇ ತೋಳಿನಿಂದ ಹಣೆ ಒರೆಸಿಕೊಂಡ. ಬೆವರು ಕಣ್ಣಿಗಿಳಿಯುತ್ತಿತ್ತು.

"ತಪ್ಪಾತ್ರಿ. ಇನ್ನ ಮುಂದ ಕೇಳ್ತೀನಿ."

ವಾದವಿಲ್ಲ, ಬುದ್ಧಿಮಾತಿಲ್ಲ... ಮಲ್ಲೇಶ್ವರಿಗೆ ಸಿಟ್ಟು ಇಡಲು ಜಾಗವೇ ಸಿಗಲಿಲ್ಲ!

ಅಂದಿನಿಂದ ಮಧ್ಯಾಹ್ನದ ಗದ್ದಲದಲ್ಲೂ ಅವನು ಮೂಲೆಯ ಟೇಬಲ್ಲಿಗೆ ಬಂದು ನಿಲ್ಲುತ್ತಿದ್ದ.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

"ಬ್ಯಾಡ್ರಿ."

"ಪಲ್ಯಾದ ಎಣ್ಣಿ ಕಡಿಮಿ ಮಾಡಿಸ್ಲೇನ್ರಿ?"

"ಮಾಡಿಸ್ರಿ."

ಇಷ್ಟೇ. ಈ ಇಷ್ಟಕ್ಕಾಗಿ ಆಕೆಯ ಎದೆ ಬೆಳಗಿನಿಂದಲೇ ಕಾಯುತ್ತಿತ್ತು. ಸಲ್ವಾರು ಸಡಿಲವಾಯಿತು. ಏದುಸಿರು ಹೋಯಿತು. ಶುಗರ್ ಗಡಿಯಿಂದ ಹಿಂದೆ ಸರಿಯಿತು.

ಅಷ್ಟರಲ್ಲಿ ಕುಷ್ಟಗಿಯಿಂದ ಗಂಡಿನ ಕಡೆಯವರು ಬಂದರು. ಗಂಡಿನ ಸೋದರತ್ತೆ ರೇಣುಕಾದೇವಿ ಉಪ್ಪಿಟ್ಟಿನ ಬಸಿ ಕೆಳಗಿಟ್ಟು, ಆಕೆಯನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಲಕ್ಷಣಾಗಿ ಅದಾಳ. ಇಳಿಯಾಕತ್ಯಾಳಂತನೂ ಕೇಳಿವಿ. ಇನ್ನೊಂದೀಟು ಇಳಿಲಿ, ದೀಪಾವಳಿಗೆ ಬಂದು ಮತ್ತ ನೋಡ್ತೀವಿ."

ಮಲ್ಲೇಶ್ವರಿ ಎದ್ದು ನಿಂತಳು.

"ಬರಬ್ಯಾಡ್ರಿ. ನಾ ಇಳಸಾಕತ್ತಿದ್ದು ನಮ್ಮಪ್ಪನಂಗ ಕಾಲು ಕಳಕೋಬಾರದಂತ. ನಿಮ್ಮ ಮನಿ ಬಾಗಲದ ಅಳತಿಗೆ ಅಲ್ಲ!"

ಬಂದವರು ಹೋದರು. ಅವ್ವ ಬೈಯುತ್ತಾಳೆಂದು ಕಾದಳು. ವಿರೂಪಾಕ್ಷಮ್ಮ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡುತ್ತ ಕೂತುಬಿಟ್ಟಳು.

"ನಾನೂ ಮದುವಿ ಸಲುವಾಗಿ ಅಂತನ ತಿಳಿದಿದ್ದೆ ನೋಡು... ನಿಮ್ಮಪ್ಪನ ಕಾಲಿಗೆ ಬಟ್ಟಿ ಸುತ್ತಿದ ಕೈ ಇದು. ಹೆಂಗ ಮರ್ತೆ?"

ಮರುದಿನ ಬೆಳಿಗ್ಗೆ ಅವ್ವನೇ ಡಬ್ಬಿ ಕಟ್ಟಿದ್ದಳು. ಮುಚ್ಚಳ ತೆಗೆದರೆ ಹೆಸರುಕಾಳು, ಸೊಪ್ಪು, ಒಣ ರೊಟ್ಟಿ. ಎಣ್ಣೆಯ ಹನಿಯಿಲ್ಲ!

ಇನ್ನು ಖಾನಾವಳಿಗೆ ಹೋಗಲು ನೆಪವೇ ಇರಲಿಲ್ಲ.

ಆದರೂ ಹೋದಳು. ಊಟದ ಹೊತ್ತು ಮುಗಿದು ಟೇಬಲ್ಲುಗಳು ಖಾಲಿಯಾಗಿದ್ದವು. ಸಿದ್ದಲಿಂಗೇಶ ಆಕೆಯ ಕೈಯಲ್ಲಿದ್ದ ಡಬ್ಬಿ ನೋಡಿ ಮಂಕಾದ.

"ಡಬ್ಬಿ ತಂದೀರಿ..."

"ಹೂಂ."

"ಅಂದ್ರ ಇನ್ನ ಇಲ್ಲಿ ಬರಂಗಿಲ್ಲ."

"ಅದನ್ನ ಹೇಳಾಕಂತ ಬಂದೆ." ಸುಳ್ಳು! ಆಕೆಯ ಎದೆಗೇ ಗೊತ್ತಿತ್ತು, ಹಸಿ ಸುಳ್ಳು.

ಅವನು ಖಾಲಿ ಬುಟ್ಟಿ ಕೆಳಗಿಟ್ಟ.

"ಹಂಗಾದ್ರ ಇವತ್ತು ಒಂದು ಕೇಳೂದೈತ್ರಿ. ರೊಟ್ಟಿದಲ್ಲ... ನನ್ನ ಮದುವಿ ಆಗ್ತೀರೇನ್ರಿ? ಬ್ಯಾಡ ಅಂದ್ರ ಬ್ಯಾಡ. ಕೇಳದ ಸುಮ್ಮನಿದ್ದು ಒಮ್ಮೆ ತಪ್ಪು ಮಾಡೀನಿ. ಇನ್ನೊಮ್ಮೆ ಮಾಡಬಾರದಂತ..."

ಮಲ್ಲೇಶ್ವರಿಯ ಕಣ್ಣು ತುಂಬಿತು. ಇಷ್ಟು ವರ್ಷ ಎಲ್ಲರೂ ತೂಗಿದ್ದರು. ಕೇಳಿದವನು ಇವನೊಬ್ಬನೇ.

"ನೀವು ಉಂಡೀರೇನು?"

"ಇಲ್ರಿ."

"ಕುಂದರ್ರಿ."

ಮೂಲೆಯ ಟೇಬಲ್ಲಿನಲ್ಲಿ ಅವನನ್ನು ಕೂರಿಸಿ, ತಾಟಿಟ್ಟು ಡಬ್ಬಿ ಬಿಚ್ಚಿದಳು. ಒಂದು ರೊಟ್ಟಿ, ಒಂದಿಷ್ಟು ಕಾಳು ಅವನ ಮುಂದೆ.

"ಹೆಂಗೈತಿ?"

"ಉಪ್ಪು ಕಡಿಮಿ ಐತ್ರಿ."

"ರೂಢಿ ಮಾಡ್ಕೋರಿ!"

ಅವನ ಕೈ ನಿಂತಿತು. "ಅಂದ್ರ... ಹಾಂ ಅಂತೇನ್ರಿ?"

"ಹಾಂ." ಸೆರಗಿನಂತೆ ಓಢಣಿಯ ತುದಿ ಬೆರಳಿಗೆ ಸುತ್ತಿಕೊಂಡಳು. "ಐತ್ವಾರ ಮಂಗಳೂರಿಗೆ ಬಂದು ನಮ್ಮವ್ವನ ಮುಂದ ಹೇಳ್ರಿ. ಬೈಕಿನ ಮ್ಯಾಲ ಅಲ್ಲ ಮತ್ತ, ನಡಕೊಂತ!"

"ಅಷ್ಟು ದೂರಾನ್ರಿ?!"

"ಅರ್ಧ ದಾರಿಗೆ ನಾ ಬರ್ತೀನಿ..."

ಅವನು ನಕ್ಕ. ಆಕೆ ಡಬ್ಬಿಯಲ್ಲಿ ಉಳಿದ ಕೊನೆಯದನ್ನು ಕೈಗೆತ್ತಿಕೊಂಡು ಮೆಲ್ಲಗೆ ಕೇಳಿದಳು,

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

"ಅರ್ಧ ಹಾಕ್ರಿ. ಅರ್ಧ ನೀವು ಉಣ್ರಿ."