ರೆಕ್ಕೆಯೊಳಗಿನ ಬಿಸಿ

ನಮ್ಮೆಜಮಾನರು ಬಿಡುವಾದಾಗಲೆಲ್ಲ ಶೆಡ್ಡಿನಲ್ಲಿ ಕೂತು ಹಾರುವಂಥ ಪುಟ್ಟ ವಿಮಾನ ಕಟ್ಟುತ್ತಿದ್ದರು. ಗಾಜುನೂಲಿನ ಬಟ್ಟೆಗೆ ಅಂಟು ಬಳಿದು ಬಳಿದು ಮೈಯೆಲ್ಲ ಅಂಟಾಗಿ, ಕೊನೆಗೆ ಅವರನ್ನೇ ಒಣಗಲು ಬಿಟ್ಟಿದ್ದರೆ ಗಟ್ಟಿಯಾಗುತ್ತಿದ್ದರೇನೋ. ರೆಕ್ಕೆಗೆ ಮೇಲುಹೊದಿಕೆ ಅಂಟಿಸಿ ಮುಚ್ಚಿದ ವಾರವೇ ತೀರಿಹೋದರು. ಉಳಿದದ್ದನ್ನು ಮಗಳು ಮುಗಿಸಿದಳು.

ಮೊದಲ ಸಲ ಹಾರುವ ಮುನ್ನ ಅವಳು ನಾಣ್ಯದಿಂದ ರೆಕ್ಕೆಯನ್ನು ತಟ್ಟುತ್ತ ಬಂದಳು. ಒಳಗೆ ಅಂಟು ಹಿಡಿದ ಕಡೆ ಟಣ್ ಅನ್ನುತ್ತದೆ, ಹಿಡಿಯದ ಕಡೆ ಡಬ್ ಅನ್ನುತ್ತದೆ. ಒಂದು ಕಡೆ ಡಬ್ ಅಂದಿತು.

"ಅಮ್ಮ, ಅಪ್ಪ ಇಲ್ಲಿ ಅಂಟೇ ಹಾಕಿಲ್ಲ. ಹೀಗೇ ಹಾರಿದ್ರೆ ರೆಕ್ಕೆ ಬಿಚ್ಕೊಳ್ಳುತ್ತೆ."

"ನಿಮ್ಮಪ್ಪ ಯಾವ ಕೆಲಸ ಪೂರ್ತಿ ಮಾಡಿದ್ರು ಹೇಳು. ಅರ್ಧ ಗಡ್ಡ ಬೋಳಿಸ್ಕೊಂಡು ಮದುವೆಗೆ ಬಂದೋರು."

ಅವಳು ಅಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ, ಊಟ ಮಾಡಿ ಬಂದು ಕೊಯ್ದು ಬಿಚ್ಚಿ ನೋಡೋಣ ಅಂದಳು. ಶೆಡ್ಡಿಗೆ ನಾನೇ ಬೀಗ ಹಾಕಿದೆ.

ತಿರುಗಿ ಬಾಗಿಲು ತೆಗೆದಾಗ ಒಳಗೆ ಧೂಳು ಮಂಜಿನ ಹಾಗೆ ತೇಲುತ್ತಿತ್ತು. ಹಸಿ ಅಂಟಿನ ವಾಸನೆ. ನಮ್ಮ ಅಂಟಿನ ಡಬ್ಬಿ ಖಾಲಿಯಾಗಿ ತಿಂಗಳಾಗಿತ್ತು. ಮಗಳು ಸುತ್ತಿನೊಳಗೆ ತಟ್ಟಿದಳು. ಟಣ್. ನನ್ನ ಕೈ ಹಿಡಿದು ಅಲ್ಲಿಟ್ಟಳು. ರೆಕ್ಕೆಯೆಲ್ಲ ತಣ್ಣಗಿತ್ತು, ಆ ಸುತ್ತು ಮಾತ್ರ ಬಿಸಿಯಾಗಿತ್ತು.

"ಅಂಟು ಗಟ್ಟಿಯಾಗುವಾಗ ಹೀಗೇ ಬಿಸಿ ಆಗುತ್ತಮ್ಮ," ಅಂದಳು ಮೆಲ್ಲಗೆ.

ಸಂಜೆಗೆ ಆ ಬಿಸಿ ಆರಿತು. ಅವಳೀಗ ಅದರಲ್ಲೇ ಹಾರುತ್ತಾಳೆ. ರೆಕ್ಕೆಯಲ್ಲಿ ಕೊಯ್ದ ಗುರುತು ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.