ಕ್ಯಾನ್ ಕೆಳಗಿಡಿ

"ಕ್ಯಾನ್ ಕೆಳಗಿಡಿ!"

ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದ ಅವಳು ಕೂಗಿದ ರಭಸಕ್ಕೆ, ಜನರೇಟರ್ ಬಾಡಿಗೆಗೆ ಕೊಡುವ ಆ ಯುವಕ ಬೆಚ್ಚಿಬಿದ್ದ. ಕ್ಯಾನು ಅವನ ಗಾಡಿಯ ಹಿಂಭಾಗದಲ್ಲಿತ್ತು.

"ಅಲ್ಲೇ ತುಂಬಿಬಿಡಿ, ಏನಾಗುತ್ತೆ?"

"ಗಾಡಿ ಮೇಲಿಟ್ಟು ತುಂಬಿದ್ರೆ ಕಿಡಿ ಹಾರುತ್ತೆ. ನಮ್ಮಪ್ಪನ ಎರಡೂ ಕೈ ಸುಟ್ಟಿದ್ದು ಹಾಗೇ. ಇಳಿಸಿ ನೆಲದ ಮೇಲಿಡಿ, ಆಮೇಲೆ ತುಂಬ್ತೀನಿ."

ಅವನು ತೆಪ್ಪಗೆ ಇಳಿಸಿದ. "ಸರಿ, ಟೀಚರಮ್ಮ."

ಅಂದಿನಿಂದ ಅದೇ ಅವಳ ಹೆಸರಾಯಿತು. ಬೇರೆ ಬಂಕು ಹತ್ತಿರವಿದ್ದರೂ ಅವನು ಇಲ್ಲಿಗೇ ಬರುತ್ತಿದ್ದ. ಅವಳೂ ಕಡಿಮೆಯೇನಲ್ಲ, ಅವನ ಗಾಡಿಯ ಸದ್ದು ಕೇಳಿದರೆ ಸಾಕು, ಕೂದಲು ಸರಿಮಾಡಿಕೊಳ್ಳುತ್ತಿದ್ದಳು!

"ಅಮ್ಮನಿಗೆ ನಿಮ್ಮ ವಿಷಯ ಹೇಳಿದೀನಿ," ಎಂದ ಒಮ್ಮೆ. ಅವಳ ಕೆನ್ನೆ ಕೆಂಪಾಯಿತು.

ಅದಾಗಿ ನಾಲ್ಕೇ ದಿನ. ಮಧ್ಯಾಹ್ನ ಅವನು ನೀರಿನ ಖಾಲಿ ಬಾಟಲಿ ಹಿಡಿದು ಓಡಿಬಂದ.

"ಬೇಗ ಹಾಕಿ! ಆ ತಿರುವಿನಲ್ಲಿ ಗಾಡಿ ನಿಂತುಹೋಗಿದೆ. ಅಮ್ಮನಿಗೆ ಉಸಿರಾಡೋಕೆ ಆಗ್ತಿಲ್ಲ. ಕ್ಯಾನೆಲ್ಲ ಅಂಗಡಿಯಲ್ಲಿದೆ..."

"ಬಾಟಲಿಗೆ ಹಾಕೋ ಹಾಗಿಲ್ಲ!" ಅಂದವಳೇ ಬೆನ್ನು ತಿರುಗಿಸಿ ಆಫೀಸಿನೊಳಗೆ ಓಡಿದಳು. ಬಂಕಿನ ತಗಡಿನ ಕ್ಯಾನು ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಕೀಲಿಕೈ ಮ್ಯಾನೇಜರ್ ಜೇಬಿನಲ್ಲಿ. ಅವರನ್ನು ಹುಡುಕಿ ಬೀಗ ತೆಗೆಸುವಷ್ಟರಲ್ಲಿ ಹೊತ್ತಾಯಿತು.

ಕ್ಯಾನು ಹಿಡಿದು ಹೊರಬಂದರೆ... ಅವನಿಲ್ಲ! ತಿರುವಿನವರೆಗೂ ಓಡಿದಳು. ಅವನ ಗಾಡಿ ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು.

ಸಂಜೆ ಸುದ್ದಿ ಬಂತು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವನ ತಾಯಿ ತೀರಿಹೋಗಿದ್ದರು.

ಮೂರು ದಿನ ಬಿಟ್ಟು ಅವಳು ಅವನ ಅಂಗಡಿಗೆ ಹೋದಳು. ಅವನು ತಲೆ ಎತ್ತಲಿಲ್ಲ.

"ನಿಮ್ಮ ರೂಲ್ಸೇ ನಿಮಗೆ ದೊಡ್ಡದು. ಹೋಗಿ."

'ನಾನೇ ಕೊಂದೆನಾ...?' ಆ ಪ್ರಶ್ನೆ ಅವಳನ್ನು ತಿಂಗಳುಗಟ್ಟಲೆ ತಿಂದಿತು. ಅವನ ಗಾಡಿಯಂಥ ಸದ್ದು ಕೇಳಿದಾಗಲೆಲ್ಲ ತಿರುಗಿ ರಸ್ತೆ ನೋಡುತ್ತಿದ್ದಳು. ತಗಡಿನ ಕ್ಯಾನನ್ನು ಮಾತ್ರ ಮತ್ತೆ ಬೀರುವಿಗೆ ಸೇರಿಸಲು ಬಿಡಲಿಲ್ಲ. ಅದು ಪಂಪಿನ ಪಕ್ಕದಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಅವನು ಬಂದ. ಸೊರಗಿದ್ದ. ಎಂಜಿನ್ ಆಫ್ ಮಾಡಿದ, ತನ್ನ ಕ್ಯಾನು ಇಳಿಸಿ, ಯಾರೂ ಹೇಳದೆಯೇ ನೆಲದ ಮೇಲಿಟ್ಟ. ಆಗ ಪಂಪಿನ ಪಕ್ಕದ ಕ್ಯಾನು ಅವನ ಕಣ್ಣಿಗೆ ಬಿತ್ತು.

"ಇದು ಇಲ್ಲಿ ಯಾವಾಗಿನಿಂದ?"

"ಅವತ್ತಿನಿಂದ... ಇದನ್ನ ತರೋಕೇ ಒಳಗೆ ಓಡಿದ್ದು. ಬರೋಷ್ಟರಲ್ಲಿ ನೀವು ಇರಲಿಲ್ಲ."

ಅವನ ಮುಖ ಬಿಳಿಚಿತು. "ಒಂದು ಮಾತು ಹೇಳಬಾರದಿತ್ತಾ?"

"ಮಾತಾಡ್ತಾ ನಿಂತರೆ ತಡ ಆಗುತ್ತೆ ಅಂತ..." ಅವಳು ಬಿಕ್ಕಿದಳು.

ಅವನು ಆ ತಗಡಿನ ಕ್ಯಾನನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟ.

"ಪೆಟ್ರೋಲ್ ಸಿಕ್ಕಿದ್ದರೂ ಅಮ್ಮ ಉಳೀತಿರಲಿಲ್ಲ ಅಂತ ಡಾಕ್ಟರು ಅವತ್ತೇ ಹೇಳಿದ್ರು. ಆದರೂ ನನಗೆ ಯಾರ ಮೇಲಾದರೂ ಸಿಟ್ಟು ಮಾಡ್ಕೋಬೇಕಿತ್ತು. ನಿನ್ನ ಮೇಲೆ ಮಾಡ್ಕೊಂಡೆ. ತಪ್ಪು ನಂದು."

ಮೊದಲ ಸಲ ಅವನು 'ನಿನ್ನ' ಅಂದಿದ್ದ. ಅವಳು ಕಣ್ಣೊರೆಸಿಕೊಂಡಳು.

"ಅಮ್ಮ ನಿನ್ನ ನೋಡಬೇಕು ಅಂತಿದ್ರು..." ಅವನ ದನಿ ಒಡೆಯಿತು. "ನಾಳೆ ಕ್ಯಾನ್ ಇಲ್ಲದೆ ಬರ್ಲಾ, ಟೀಚರಮ್ಮ? ಬರೀ ನಿನ್ನ ನೋಡೋಕೆ?"

"ಬನ್ನಿ," ಎಂದಳು ಅಳುತ್ತಲೇ. "ಈ ಸಲ ನಾನು ಒಳಗೆ ಹೋದರೆ... ಸ್ವಲ್ಪ ಕಾಯ್ತೀರಾ?"

"ಕಾಯ್ತೀನಿ."